ಏಳನೇ ಸೀಟಿನ ಬಲಗಿವಿ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಭಾವ ಆಗಾಗ ಹೇಳುತ್ತಾರೆ. ಅವರಿಗೆ ಗೊತ್ತಿಲ್ಲ. ಮೂಗಿನ ತುದಿಯ ಕೋಪವಾದರೆ ಒಂದು ಸೀನಿಗೆ ಹಾರಿಹೋಗುತ್ತದೆ. ನನ್ನದು ಹೊಟ್ಟೆಯೊಳಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತು ಒಂದು ವರ್ಷ ಎರಡು ತಿಂಗಳು ಕಾಯಿತು. ಕಾದಿದ್ದು ಪೀಪಿಗಾಗಿ.

ಪೀಪಿ ಎಂದರೆ ನಮ್ಮ ಆಫೀಸಿನ ಸೂಪರ್‌ವೈಸರ್. ಆ ಹೆಸರು ನಾವಿಟ್ಟದ್ದು, ಯಾಕೆಂದು ಹೇಳುತ್ತೇನೆ. ನಮ್ಮದು ಕೇಳಿ ಬರೆಯುವ ಕೆಲಸ. ಡಾಕ್ಟರುಗಳು, ವಕೀಲರು, ವಿಮೆಯವರು ತಮ್ಮ ತಮ್ಮ ಟಿಪ್ಪಣಿಗಳನ್ನು ಮಾತಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಚಪ್ಪಲಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಜನ ಹೆಡ್‌ಫೋನ್ ಹಾಕಿಕೊಂಡು ಅದನ್ನು ಟೈಪ್ ಮಾಡುತ್ತೇವೆ. ಕಾಲ ಕೆಳಗೆ ಒಂದು ಪೆಡಲ್. ಬೆರಳಿನಿಂದ ಅದುಮಿದರೆ ಮಾತು ಓಡುತ್ತದೆ, ಹಿಮ್ಮಡಿಯಿಂದ ಅದುಮಿದರೆ ಎರಡು ಸೆಕೆಂಡ್ ಹಿಂದಕ್ಕೆ ಬರುತ್ತದೆ. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಮನೆಯಲ್ಲಿ ಯಾರಾದರೂ ಗೊಣಗಿದರೆ ಈಗಲೂ ನನ್ನ ಹಿಮ್ಮಡಿ ತಾನಾಗಿ ನೆಲ ಅದುಮುತ್ತದೆ.

ಏಳನೇ ಸೀಟು ಅಕ್ಕನದು, ಎಂಟನೆಯದು ನನ್ನದು. ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಕೋಣೆಯ ಕೊನೆಯಲ್ಲಿ ಒಂದು ಗಾಜಿನ ಗೂಡು, ಅದರೊಳಗೆ ಪೀಪಿ. ಅವನು ನಮ್ಮ ಮಾಲಕಿಯ ತಂಗಿಯ ಗಂಡ. ನಾಲ್ಕು ಕಡೆ ಕಾಲೂರಲಾಗದೆ ಆರು ವರ್ಷದ ಹಿಂದೆ ನಮ್ಮ ತಲೆಯ ಮೇಲೆ ಬಂದು ಕೂತ. ಟೈಪಿಂಗ್ ಬರುತ್ತಿರಲಿಲ್ಲ, ಎರಡೇ ಬೆರಳು. ಆದರೆ ಅವನ ಪರದೆಯ ಮೇಲೆ ನಮ್ಮ ಹನ್ನೆರಡು ಸೀಟುಗಳಿಗೆ ಹನ್ನೆರಡು ಹಸಿರು ಚುಕ್ಕಿಗಳಿದ್ದವು. ಯಾರಾದರೂ ಹತ್ತು ಸೆಕೆಂಡ್ ಕೀಲಿ ಒತ್ತದಿದ್ದರೆ ಅವರ ಚುಕ್ಕಿ ಕೆಂಪಾಗುತ್ತಿತ್ತು. ಆಗ ಅವನು ಒಂದು ಬಟನ್ ಒತ್ತುತ್ತಿದ್ದ. ಮೊದಲಿದ್ದವರು ಯಾರನ್ನಾದರೂ ಕರೆಯಬೇಕಾದರೆ ಆ ಬಟನ್ ಬಳಸುತ್ತಿದ್ದರು, ಹೆಡ್‌ಫೋನಿನಲ್ಲಿ ಮೆಲ್ಲಗೆ ಟಿಂಗ್ ಎನ್ನುತ್ತಿತ್ತು. ಪೀಪಿ ಅದರ ಸದ್ದನ್ನು ತುತ್ತತುದಿಗೆ ಏರಿಸಿಟ್ಟ. ಕಿವಿಯೊಳಗೆ ಸೂಜಿ ಹಾಕಿ ತಿರುವಿದಂಥ ಸೀಟಿ. ಆ ಪೀಪಿಯೇ ಅವನ ಹೆಸರಾಯಿತು.

ಅಕ್ಕನ ಹೆಡ್‌ಫೋನಿನ ಎಡಭಾಗ ಕೆಟ್ಟಿತ್ತು. ಇಡೀ ದಿನದ ಮಾತೆಲ್ಲ ಒಂದೇ ಬಲಗಿವಿಗೆ. ಕೇಳಿಸದಿದ್ದಾಗ ಅವಳು ಸದ್ದು ಇನ್ನಷ್ಟು ಏರಿಸುತ್ತಿದ್ದಳು. ಹೊಸದು ಕೊಡಿ ಎಂದು ಮೂರು ಸಲ ಕೇಳಿದಳು.

"ಒಂದು ಕಡೆ ಕೇಳ್ಸುತ್ತೆ ತಾನೆ? ಎರಡು ಕಿವಿ ಯಾಕಿರೋದು, ಒಂದು ಸ್ಪೇರ್‌ಗೆ," ಎಂದು ಅವನು ತನ್ನ ಜೋಕಿಗೆ ತಾನೇ ನಕ್ಕ.

ಇದೊಂದೇ ಅಲ್ಲ. ಅವಳ ಪರದೆ ತೀರಾ ತಗ್ಗಿನಲ್ಲಿತ್ತು. ಕತ್ತು ಬಗ್ಗಿಸಿ ಬಗ್ಗಿಸಿ ನೋವು ಬಂತೆಂದು ಎರಡು ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ಅದರ ಕೆಳಗಿಟ್ಟುಕೊಂಡಿದ್ದಳು. ಸಾಲು ಒಂದೇ ಸಮ ಕಾಣಬೇಕೆಂದು ಅವನು ತೆಗೆಸಿದ. ಬಿಸಿಲು ನೇರವಾಗಿ ಪರದೆಗೆ ಹೊಡೆಯುತ್ತದೆ, ಕಣ್ಣು ಉರಿಯುತ್ತದೆ ಎಂದು ಕಿಟಕಿಯ ತೆರೆ ಎಳೆದರೆ, ಬೀದಿಯಿಂದ ನೋಡಿದವರಿಗೆ ನಾವು ದುಡಿಯುವುದು ಕಾಣಬೇಕೆಂದು ಮತ್ತೆ ಸರಿಸಿದ. ಕಣ್ಣುಜ್ಜಿಕೊಳ್ಳಲು ಕೈ ಎತ್ತಿದರೆ ಕೀಲಿ ನಿಲ್ಲುತ್ತದೆ, ಕೀಲಿ ನಿಂತರೆ ಚುಕ್ಕಿ ಕೆಂಪು, ಚುಕ್ಕಿ ಕೆಂಪಾದರೆ ಸೀಟಿ. ಅಕ್ಕ ಒಂದೊಂದು ಸೀಟಿಗೂ ಕುರ್ಚಿಯಿಂದ ಒಂದು ಗೇಣು ಮೇಲೆ ಹಾರುತ್ತಿದ್ದಳು. ಪಕ್ಕದಲ್ಲಿ ಕೂತ ನಾನು ಹಲ್ಲು ಕಡಿದುಕೊಂಡು ಟೈಪ್ ಮಾಡುತ್ತಿದ್ದೆ. ಅದಕ್ಕೆ ನನ್ನ ಮೇಲೂ ನನಗೆ ಕೋಪವಿದೆ.

ಒಂದು ದಿನ ಮನೆಯಲ್ಲಿ ಅಡುಗೆಮನೆಯಿಂದ ಅಕ್ಕಾ ಎಂದು ಕೂಗಿದೆ. ಅವಳು ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ನಿಂತಳು.

"ಎಲ್ಲಿದ್ದೀಯೇ?" ಎಂದಳು.

ನಾನು ತಮಾಷೆ ಎಂದುಕೊಂಡು ನಕ್ಕೆ. ಆಮೇಲೆ ಬೀದಿ ದಾಟುವಾಗ ಎಡಕ್ಕೆ ನೋಡುತ್ತಾ ಬಲದಿಂದ ಬರುತ್ತಿದ್ದ ಬಸ್ಸಿನ ಮುಂದೆ ಕಾಲಿಟ್ಟಳು. ಕೈ ಹಿಡಿದು ಎಳೆದೆ. ಅಂದು ಸಂಜೆಯೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಸದ್ದಿಲ್ಲದ ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹೊರಗೆ ಬಂದ ಕಾಗದದ ಮೇಲೆ ಎರಡು ಗೆರೆಗಳಿದ್ದವು. ಎಡಗಿವಿಯದು ನೀಲಿ, ಮೇಲ್ಗಡೆ ನೆಟ್ಟಗೆ ಹೋಗಿತ್ತು. ಬಲಗಿವಿಯದು ಕೆಂಪು ಸೊನ್ನೆಗಳು, ಒಂದೊಂದೇ ಮೆಟ್ಟಿಲಿಳಿದು ಕಾಗದದ ಬುಡ ಸೇರಿದ್ದವು.

"ಹೋಗಿರೋದು ವಾಪಸ್ ಬರಲ್ಲಮ್ಮ," ಎಂದರು ಡಾಕ್ಟರು. "ಒಂದೇ ಕಿವಿ ಇದ್ರೆ ಸದ್ದು ಕೇಳುತ್ತೆ, ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲ್ಲ. ರಸ್ತೇಲಿ ಹುಷಾರು. ಇರೋ ಕಿವೀನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಕೊಳ್ಳಿ."

ಅಕ್ಕ ಅಳಲಿಲ್ಲ. ನಾನು ಅಳಬೇಕೆಂದುಕೊಂಡೆ, ಆದರೆ ಕೋಪ ಬಂದು ಅಳುವನ್ನು ಪಕ್ಕಕ್ಕೆ ತಳ್ಳಿತು. ಅಕ್ಕ ಆ ಕಾಗದದ ಪ್ರತಿಯನ್ನು ಒಂದು ಪತ್ರದ ಜೊತೆ ಮಾಲಕಿಗೆ ಕಳಿಸಿದಳು. ಮಾಲಕಿ ಮಂಡಿನೋವಿನ ಹೆಂಗಸು, ಆಫೀಸಿಗೆ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಉತ್ತರ ಬರಲಿಲ್ಲ. ಬಂದದ್ದು ಪೀಪಿಯ ಚೀಟಿ: ಏಳನೇ ಸೀಟಿನವರ ವೇಗ ಕಡಿಮೆಯಾಗಿದೆ, ತಪ್ಪು ಹೆಚ್ಚಾಗಿದೆ, ನಾಳೆಯಿಂದ ಬರುವುದು ಬೇಡ.

ನಾನೂ ಬಿಡುತ್ತೇನೆ ಎಂದು ಹಾರಾಡಿದೆ. ಅಕ್ಕ ಬೇಡವೆಂದಳು.

"ನೀನು ಅಲ್ಲೇ ಇರು. ನಂಗೆ ಅವನ ಕೆಲಸ ಹೋಗೋದೂ ಬೇಡ, ಏನೂ ಬೇಡ. ಒಂದೇ ಒಂದು ಸಲ ನನ್ನ ಮುಂದೆ ನಿಂತು, ನಿಮ್ಮ ಕಿವಿ ಹೋಗಿದ್ದು ನನ್ನಿಂದ ಅಂತ ಅವನ ಬಾಯಲ್ಲಿ ಬಂದ್ರೆ ಸಾಕು. ನಾನೇನೋ ವಯಸ್ಸಾಗಿ ಕಿವುಡಿ ಆದೆ ಅಂತ ಎಲ್ಲರೂ ಅಂದ್ಕೊಂಡಿದ್ದಾರಲ್ಲ, ಅದು ತಡ್ಕೊಳ್ಳಕ್ಕಾಗಲ್ಲ."

ಅವಳಿಗೆ ಬೇಕಾಗಿದ್ದು ಅಷ್ಟೇ. ನನಗೆ ಬೇಕಾಗಿದ್ದು ಅದಕ್ಕಿಂತ ತುಂಬಾ ಹೆಚ್ಚು. ನಾನು ಎಂಟನೇ ಸೀಟಿನಲ್ಲಿ ಕೂತು ಬಾಯಿಗೆ ಬೀಗ ಹಾಕಿಕೊಂಡೆ. ಪೀಪಿ ಬೆಳಿಗ್ಗೆ ಬಂದಾಗ ಎಲ್ಲರಿಗಿಂತ ಮೊದಲು ನಮಸ್ಕಾರ ಹೇಳಿದೆ. ಪಕ್ಕದ ಖಾಲಿ ಕುರ್ಚಿಯನ್ನು ದಿನಾ ನೋಡಿದೆ.

ಈಗ ಒಂದು ನಿಯಮದ ಬಗ್ಗೆ ಹೇಳಬೇಕು. ಒಮ್ಮೆ ಒಬ್ಬ ಡಾಕ್ಟರು, ಇಷ್ಟೇ, ಎಂದು ಹೇಳಿ ಅರ್ಧ ನಿಮಿಷ ಸುಮ್ಮನಿದ್ದು ಆಮೇಲೆ ಔಷಧದ ಪ್ರಮಾಣ ತಿದ್ದಿ ಹೇಳಿದ್ದರು. ನಮ್ಮ ಮೂರನೇ ಸೀಟಿನ ದಪ್ಪ ಕನ್ನಡಕದವಳು 'ಇಷ್ಟೇ' ಎಂದ ಕೂಡಲೇ ನಿಲ್ಲಿಸಿಬಿಟ್ಟಿದ್ದಳು. ದೂರು ಬಂತು. ಪೀಪಿ ಅವಳನ್ನು ಎಲ್ಲರೆದುರು ನಿಲ್ಲಿಸಿ ನೀರಿಳಿಸಿ, ಗೋಡೆಗೆ ಒಂದು ಕಾಗದ ಅಂಟಿಸಿದ: ರೆಕಾರ್ಡಿಂಗ್ ಮುಗಿಯುವವರೆಗೆ ಟೈಪ್ ಮಾಡತಕ್ಕದ್ದು. ಕೇಳಿಸಿದ್ದನ್ನೆಲ್ಲ ಬರೆಯತಕ್ಕದ್ದು. ಕೆಮ್ಮನ್ನೂ ಬಿಡತಕ್ಕದ್ದಲ್ಲ. ಕೆಳಗೆ ಅವನ ಸಹಿ, ಸಹಿಯ ಕೆಳಗೆ ಎರಡು ಗೆರೆ. ಅಂದಿನಿಂದ ನಾವು ಕೆಮ್ಮು, ಸೀನು, ಬಾಗಿಲು ತೆರೆದ ಸದ್ದು ಎಲ್ಲವನ್ನೂ ಆವರಣದೊಳಗೆ ಬರೆಯುತ್ತಿದ್ದೆವು.

ಪ್ರತಿ ತಿಂಗಳ ಮೊದಲ ವಾರ ಪೀಪಿ ಮಾಲಕಿಗೆ ಒಂದು ವರದಿ ಕಳಿಸಬೇಕಿತ್ತು. ಎರಡು ಬೆರಳಿನವನು ಟೈಪ್ ಮಾಡುವುದುಂಟೇ? ಒಂದು ಪುಟ್ಟ ರೆಕಾರ್ಡರಿಗೆ ಹೇಳಿ, ಫೈಲನ್ನು ನನ್ನ ಕಡೆ ತಳ್ಳುತ್ತಿದ್ದ. ನಾನು ಟೈಪ್ ಮಾಡಿ ನೇರವಾಗಿ ಮಾಲಕಿಗೆ ಕಳಿಸುತ್ತಿದ್ದೆ. ತಾನು ಹೇಳಿದ್ದನ್ನು ತಾನೇ ಏನು ಓದುವುದು ಎನ್ನುವುದು ಅವನ ಠೀವಿ.

ಅಕ್ಕ ಕೆಲಸ ಕಳೆದುಕೊಂಡು ಒಂದು ವರ್ಷ ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಂದ ಫೈಲು ಇಪ್ಪತ್ತೊಂದು ನಿಮಿಷದ್ದು. ವರದಿ ಒಂಬತ್ತನೇ ನಿಮಿಷಕ್ಕೇ ಮುಗಿದು, ಇತಿ ನಿಮ್ಮ ವಿಶ್ವಾಸಿ ಎಂದ. ರೆಕಾರ್ಡರ್ ಆರಿಸಲು ಮರೆತಿದ್ದ. ಬಾಗಿಲ ಸದ್ದು, ಕುರ್ಚಿ ಎಳೆದ ಸದ್ದು. ಅವನ ಗೆಳೆಯನೊಬ್ಬ ಬಂದಿದ್ದ.

"ಇದೇನೋ ಬಾಕ್ಸು, ಒಡೆದೇ ಇಲ್ಲ?" ಎಂದ ಗೆಳೆಯ.

"ಹೆಡ್‌ಫೋನು. ನಮ್ಮ ಅತ್ತಿಗೆ ಹೋದ ವರ್ಷ ಕಳ್ಸಿದ್ದು, ಹನ್ನೆರಡು. ಏಳನೇ ಸೀಟಿನೋಳು ಕಿವಿ ಹೋಯ್ತು ಅಂತ ಪತ್ರ ಬರೆದಿದ್ಲಲ್ಲ, ಅದಕ್ಕೆ. ಎಲ್ರಿಗೂ ಕೊಟ್ಟೆ ಅಂತ ಬರೆದ್ಬಿಟ್ಟಿದ್ದೀನಿ. ಮೆತ್ತಗಿರೋದು ಕೊಟ್ರೆ ಇವ್ರು ನಿದ್ದೆ ಮಾಡ್ತಾರೆ."

"ನಿಜವಾಗ್ಲೂ ಕಿವಿ ಹೋಗಿತ್ತಾ?"

"ಹೋಗದೆ ಇನ್ನೇನು! ಒಂದೇ ಕಡೆ ಕೇಳೋ ಹೆಡ್‌ಫೋನು, ದಿನಕ್ಕೆ ಇಪ್ಪತ್ತು ಸಲ ನನ್ನ ಪೀಪಿ. ಎಷ್ಟೆತ್ತರ ಹಾರ್ತಿದ್ಲು ಗೊತ್ತಾ? ಇರು, ತೋರಿಸ್ತೀನಿ. ಆ ದಪ್ಪ ಕನ್ನಡಕದೋಳನ್ನ ನೋಡ್ತಿರು."

ಕ್ಲಿಕ್. ಗಾಜಿನಾಚೆಯಿಂದ ಒಂದು ಕೂಗು. ಇಬ್ಬರೂ ನಕ್ಕರು.

ನನ್ನ ಹಿಮ್ಮಡಿ ಪೆಡಲನ್ನು ಒತ್ತಿತು. ಮತ್ತೆ ಕೇಳಿದೆ. ಆ ಕೂಗು ನನಗೆ ನೆನಪಿತ್ತು. ಹಿಂದಿನ ದಿನ ಮೂರನೇ ಸೀಟಿನಲ್ಲಿ ದಪ್ಪ ಕನ್ನಡಕದವಳು ಹಾಗೆ ಕೂಗಿ ಲೋಟದ ನೀರನ್ನು ಮಡಿಲ ಮೇಲೆ ಚೆಲ್ಲಿಕೊಂಡಿದ್ದಳು. ಒದ್ದೆ ಬಟ್ಟೆಯಲ್ಲೇ ಸಂಜೆಯವರೆಗೂ ಕೂತಿದ್ದಳು. ಮುಂದಿನದನ್ನು ಯೋಚಿಸಿದೆ. ಇದನ್ನು ಟೈಪ್ ಮಾಡಿ ಕಳಿಸಿದರೆ ಒಂದೋ ಅವನು ಹೋಗುತ್ತಾನೆ, ಇಲ್ಲವೇ ನಾನು. ಅತ್ತಿಗೆ, ತಂಗಿಯ ಗಂಡ ಎಂದು ಅವರವರು ಒಂದಾಗಿಬಿಟ್ಟರೆ ನಾನೇ.

ಎದ್ದು ಗಾಜಿನ ಗೂಡಿನ ಬಾಗಿಲಿಗೆ ಹೋದೆ.

"ಸರ್, ವರದಿ ಸ್ವಲ್ಪ ಉದ್ದ ಇದೆ. ಕೊನೇವರೆಗೂ ಟೈಪ್ ಮಾಡ್ಲಾ?"

ಅವನು ತಲೆ ಎತ್ತಲಿಲ್ಲ. "ರೂಲ್ಸ್ ಓದಕ್ಕೆ ಬರಲ್ವಾ? ಗೋಡೆ ಮೇಲೆ ಹಾಕಿರೋದು ಅಂದಕ್ಕಾ?"

"ಕಳಿಸೋ ಮುಂಚೆ ನೀವೊಂದ್ಸಲ ನೋಡ್ತೀರಾ?"

"ಕಳ್ಸಮ್ಮ, ತಲೆ ತಿನ್ಬೇಡ."

ನನ್ನ ಇಡೀ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಟೈಪ್ ಮಾಡಿಲ್ಲ. ಬೆನ್ನು ನೆಟ್ಟಗೆ, ಎರಡೂ ಪಾದ ನೆಲಕ್ಕೆ, ಮಣಿಕಟ್ಟು ಸಡಿಲ. ಒಂದಕ್ಷರ ತಪ್ಪಲಿಲ್ಲ. (ಬಟನ್ ಒತ್ತಿದ ಸದ್ದು. ಹೊರಗಿನಿಂದ ಹೆಂಗಸಿನ ಕೂಗು. ಇಬ್ಬರ ನಗು, ಆರು ಸೆಕೆಂಡ್. ಕೆಮ್ಮು.) ಗೋಡೆಯ ಮೇಲಿನ ನಿಯಮವನ್ನೂ ಕೊನೆಗೊಂದು ಸಾಲಾಗಿ ಸೇರಿಸಿ ಕಳಿಸಿದೆ.

ಮೂರನೇ ದಿನ ಮಾಲಕಿ ಬಂದರು. ಕೋಲೂರಿಕೊಂಡು ಮೆಟ್ಟಿಲು ಹತ್ತುವುದು ನಮಗೆಲ್ಲ ಕೇಳಿಸಿತು. ಯಾರನ್ನೂ ಮಾತನಾಡಿಸದೆ ಗಾಜಿನ ಗೂಡಿಗೆ ಹೋಗಿ ಬೀರುವಿನ ಬೀಗದ ಕೈ ಕೇಳಿದರು. ಪೆಟ್ಟಿಗೆ ಹೊರಬಂತು. ಮೇಲೆ ಒಂದು ವರ್ಷದ ಧೂಳು. ಪೀಪಿಯ ಮುಖ ಸುಣ್ಣ ಬಳಿದ ಹಾಗಾಯಿತು.

"ಆ ಸೀಟು ಯಾವುದು, ಏಳನೇದು?" ಎಂದು ಮಾಲಕಿ ಕೇಳಿದರು. ನಾನು ತೋರಿಸಿದೆ. "ಹೋಗಿ ಕೂತ್ಕೊಳಪ್ಪ. ಅವಳ ಹೆಡ್‌ಫೋನ್ ಹಾಕ್ಕೋ."

"ಅತ್ತಿಗೆ, ಅದು ತಮಾಷೆಗೆ..."

"ಹಾಕ್ಕೋ ಅಂದೆ."

ಅವನು ಹಾಕಿಕೊಂಡ. ಮಾಲಕಿ ನನ್ನನ್ನು ಗೂಡಿನೊಳಗೆ ಆ ಬಟನ್ ಮುಂದೆ ನಿಲ್ಲಿಸಿ, "ಒತ್ತಮ್ಮ," ಎಂದರು.

ನಾನು ಒತ್ತಿದೆ. ಒತ್ತಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅವನು ಚಂಗನೆ ಹಾರಿ, ಮೊಣಕಾಲನ್ನು ಮೇಜಿಗೆ ಬಡಿದುಕೊಂಡು, ಹೆಡ್‌ಫೋನ್ ಕಿತ್ತೆಸೆದು ಬಲಗಿವಿ ಹಿಡಿದುಕೊಂಡ. ದಪ್ಪ ಕನ್ನಡಕದವಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ನನ್ನ ಬೆರಳು ಮತ್ತೆ ಬಟನ್ ಮೇಲಿತ್ತು. ಮಾಲಕಿ ನನ್ನ ಮಣಿಕಟ್ಟು ಹಿಡಿದು, ಒಂದು ಸಾಕು, ಎಂದರು. ಅವರಿಗೆ ಸಾಕಾಗಿತ್ತು. ದಿನಕ್ಕೆ ಇಪ್ಪತ್ತರ ಹಾಗೆ ಐದು ವರ್ಷ ಪಕ್ಕದಲ್ಲಿ ಕೂತು ನೋಡಿದ್ದವಳಿಗೆ ಒಂದು ಯಾವ ಮೂಲೆಗೆ?

ತಂಗಿಯ ಗಂಡ, ಬೀದಿಗೆ ತಳ್ಳುವ ಹಾಗಿರಲಿಲ್ಲ. ಗಾಜಿನ ಗೂಡಿನಿಂದ ಹೊರಗೆ ಹಾಕಬಹುದಿತ್ತು. ಅವನಿಗೆ ಏಳನೇ ಸೀಟು, ಹತ್ತು ಬೆರಳಲ್ಲಿ ಟೈಪಿಂಗ್ ಕಲಿಯಬೇಕೆಂಬ ಅಪ್ಪಣೆ. ಗೂಡು ನನಗೆ. ಅಕ್ಕನನ್ನು ವಾಪಸ್ ಕರೆಯಿರಿ ಎಂದರು. ಅಕ್ಕ ಬರಲಿಲ್ಲ. "ಉಳಿದಿರೋ ಕಿವೀನ ಮನೇಲೇ ಇಟ್ಕೊಳ್ತೀನಿ," ಎಂದಳು.

ಮೊದಲ ದಿನವೇ ಆ ಬಟನನ್ನು ತೆಗೆಸಿದೆ. ಸದ್ದು ಅರ್ಧದ ಮೇಲೆ ಏರದ ಹಾಗೆ ಮಾಡಿಸಿದೆ. ಗಂಟೆಗೊಮ್ಮೆ ಹತ್ತು ನಿಮಿಷ ಕಿವಿಗೆ ಬಿಡುವು. ಬಿಸಿಲು ಬೀಳುವ ಕಡೆಯ ಕಿಟಕಿಗೆ ತೆರೆ. ಪರದೆಗಳನ್ನೆಲ್ಲ ಕಣ್ಣಿನ ಎತ್ತರಕ್ಕೆ, ಒಂದು ತೋಳಿನಷ್ಟು ದೂರಕ್ಕೆ ಇಡಿಸಿದೆ. ಬೆನ್ನಿಗೆ ಆನಿಕೆಯಿರುವ ಕುರ್ಚಿಗಳು ಬಂದವು, ಏಳನೇ ಸೀಟಿಗೂ ಬಂತು. ಅಲ್ಲಿ ಕೂತವನ ಕುರ್ಚಿಯ ಎತ್ತರವನ್ನು ನಾನೇ ಬಗ್ಗಿ ಸರಿಮಾಡಿಕೊಟ್ಟೆ. ಕಾಲು ನೆಲಕ್ಕೆ ತಾಗುತ್ತಾ ಸರ್ ಎಂದು ಕೇಳಿದೆ. ಇವಳಿಗೆ ಎಷ್ಟು ದೊಡ್ಡ ಮನಸ್ಸು ಎಂದು ಎಲ್ಲರೂ ಮಾತಾಡಿಕೊಂಡರು. ಮಾತಾಡಿಕೊಳ್ಳಲಿ ಎಂದು ಬಿಟ್ಟೆ.

ಕಣ್ಣಿಗೂ ಒಂದು ನಿಯಮ ಮಾಡಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡಬೇಕು. ಕಣ್ಣಿನ ಡಾಕ್ಟರು ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಸೀಟಿ ಗೀಟಿ ಇಲ್ಲ, ಮೂಲೆಯಲ್ಲೊಂದು ಪುಟ್ಟ ದೀಪ ಮಿನುಗುತ್ತದೆ, ಎಲ್ಲರೂ ತಲೆ ಎತ್ತುತ್ತಾರೆ. ಉಳಿದ ಸೀಟಿನವರಿಗೆಲ್ಲ ಇನ್ನೊಂದು ಕಡೆಯ ಕಿಟಕಿಯಾಚೆ ಒಂದು ಮರ ಕಾಣುತ್ತದೆ. ಏಳನೇ ಸೀಟಿಗೆ ಮಾತ್ರ ಕಂಬ ಅಡ್ಡ. ಅಲ್ಲಿಂದ ಕಾಣುವುದು ಎದುರುಗೋಡೆ, ಅಳೆದು ನೋಡಿದೆ, ಇಪ್ಪತ್ತೊಂದು ಅಡಿ. ಆ ಗೋಡೆಗೆ ಅಕ್ಕನ ಕಿವಿ ಪರೀಕ್ಷೆಯ ಕಾಗದವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ತೂಗುಹಾಕಿದೆ. ನೀಲಿ ಗೆರೆ, ಕೆಂಪು ಸೊನ್ನೆಗಳು. ಕೆಳಗೆ ಒಂದೇ ಸಾಲು: ಏಳನೇ ಸೀಟು, ಬಲಗಿವಿ.

ಗಂಟೆಗೆ ಮೂರು ಸಲ. ಎಂಟು ಗಂಟೆಗೆ ಇಪ್ಪತ್ನಾಲ್ಕು. ಅವನ ಪೀಪಿಗಿಂತ ನಾಲ್ಕು ಹೆಚ್ಚು.

ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ಸರ್, ಕಣ್ಣು ಬಿಟ್ಟು ನೋಡ್ಬೇಕು, ನಿಮ್ಮ ಒಳ್ಳೇದಕ್ಕೇ," ಎನ್ನುತ್ತಿದ್ದೆ. ಎರಡು ತಿಂಗಳಾದ ಮೇಲೆ ಸೀಟು ಬದಲಾಯಿಸಿಕೊಡಿ ಎಂದು ಕೇಳಿದ. ಸಾಲು ಕೆಡುತ್ತದೆ ಎಂದೆ. ನಾಲ್ಕನೇ ತಿಂಗಳಿಗೆ ಅವನು ಕೇಳುವುದನ್ನು ಬಿಟ್ಟ. ದೀಪ ಮಿನುಗಿದರೆ ತಲೆ ಎತ್ತಿ ನೋಡುತ್ತಿದ್ದ. ಇಪ್ಪತ್ತು ಸೆಕೆಂಡ್ ಮುಗಿದರೂ ಕೆಲವೊಮ್ಮೆ ನೋಡುತ್ತಲೇ ಇರುತ್ತಿದ್ದ. ಹೊಟ್ಟೆಯೊಳಗಿನ ಕೋಪಕ್ಕೆ ದಿನಕ್ಕೆ ಇಪ್ಪತ್ನಾಲ್ಕು ತುತ್ತು ಹಾಕುತ್ತಿದ್ದೆ, ಆದರೂ ಅದು ತುಂಬಲಿಲ್ಲ.

ಕಳೆದ ವಾರ ಅಕ್ಕ ಆಫೀಸಿಗೆ ಬಂದಳು. ಮುರುಕು ಕುರ್ಚಿಗೆಂದು ಹಿಂದೆ ಅವಳೇ ಹೊಲಿದುಕೊಂಡಿದ್ದ ಬೆನ್ನಿನ ದಿಂಬು ಬೀರುವಿನಲ್ಲಿ ಬಿದ್ದಿತ್ತು, ಭಾವನ ಸೊಂಟಕ್ಕೆ ಬೇಕೆಂದು ಒಯ್ಯಲು ಬಂದಿದ್ದಳು. ಮಧ್ಯಾಹ್ನದ ಬಿಡುವು, ಉಳಿದವರು ಊಟಕ್ಕೆ ಇಳಿದಿದ್ದರು. ಗೋಡೆಯ ಮೇಲಿನ ಚಿತ್ರ ನೋಡಿ, "ಅಯ್ಯೋ, ಇದ್ಯಾಕೆ ಹಾಕಿದ್ದೀಯೇ ಮಾರಾಯ್ತಿ, ನನ್ನ ಮಾನ ಕಳ್ಯೋಕಾ?" ಎಂದು ಬೈದಳು. ಆಮೇಲೆ ದಿಂಬನ್ನು ಕಿಟಕಿಯ ಬಳಿ ಒಯ್ದು, ಧೂಳು ಹೋಗಲೆಂದು ಕಟ್ಟೆಗೆ ಪಟಪಟ ಬಡಿಯತೊಡಗಿದಳು. ಕೆಳಗೆ ಬೀದಿಯ ಗದ್ದಲ.

ಏಳನೇ ಸೀಟಿನಿಂದ ಅವನು ಎದ್ದ. ಮೆಲ್ಲಗೆ ನಡೆದು ಹೋಗಿ ಅವಳ ಬಲಗಡೆ, ಒಂದು ಹೆಜ್ಜೆ ಹಿಂದೆ ನಿಂತ. ತಲೆ ತಗ್ಗಿಸಿಕೊಂಡಿದ್ದ. ನಾನು ಗೂಡಿನ ಬಾಗಿಲಲ್ಲಿದ್ದೆ. ಹತ್ತೊಂಬತ್ತು ವರ್ಷ ಗೊಣಗುವವರ ಮಾತನ್ನೇ ಕೇಳಿ ಪಳಗಿದ ಕಿವಿ ನನ್ನದು, ಒಂದಕ್ಷರ ತಪ್ಪಲಿಲ್ಲ.

"ನಿಮ್ಮ ಕಿವಿ ಹೋಗಿದ್ದು ನನ್ನಿಂದ," ಎಂದ. "ಗೊತ್ತಿದ್ದೂ ಮಾಡಿದೆ. ದಿನಾ ಆ ಗೋಡೆ ನೋಡ್ತೀನಿ. ರಾತ್ರಿ ಕಣ್ಣು ಮುಚ್ಚಿದ್ರೂ ಅದೇ ಕಾಣುತ್ತೆ. ತಪ್ಪಾಯ್ತು ಅಮ್ಮ."

ಅಕ್ಕ ದಿಂಬು ಬಡಿಯುತ್ತಲೇ ಇದ್ದಳು. ಅವನು ಕಾದ. ಅವಳು ದಿಂಬಿನ ಇನ್ನೊಂದು ಮಗ್ಗುಲು ತಿರುಗಿಸಿ ಬಡಿದಳು. ಅವನ ಮುಖ ಇಳಿದುಹೋಯಿತು. ಅದು ಅವಳ ಉತ್ತರ ಎಂದುಕೊಂಡ. ತಿರುಗಿ ಹೋಗುವಾಗಷ್ಟೇ ಅವಳು ಕತ್ತು ಹೊರಳಿಸಿ ಅವನ ಬೆನ್ನು ನೋಡಿದಳು. ಅವನು ಹೋಗಿ ಕೂತು, ದೀಪ ಮಿನುಗದಿದ್ದರೂ ಗೋಡೆ ನೋಡಿದ.

ಬಲಗಿವಿಯ ಕಡೆ ನಿಂತು ಹೇಳಿದ್ದ. ಆ ಕಿವಿಯನ್ನು ಕೊಂದವನಿಗೇ ಅದು ಯಾವ ಕಡೆಯದೆಂದು ಆ ಗಳಿಗೆಯಲ್ಲಿ ಮರೆತಿತ್ತು.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಈ ಕಡೆ ಬಂದು ಹೇಳಿ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಅಕ್ಕನನ್ನು ನಾನು ಬಲ್ಲೆ. ಕೇಳಿಸಿದ್ದರೆ ಅಲ್ಲೇ ಕಣ್ಣೊರೆಸಿಕೊಂಡು, ಹೋಗಲಿ ಬಿಡಪ್ಪ, ಎಂದು ಅವನ ಎದೆಯ ಭಾರ ಇಳಿಸಿ, ಮೊದಲ ಕೆಲಸವಾಗಿ ಆ ಚಿತ್ರ ಇಳಿಸೆಂದು ನನಗೆ ಹೇಳುತ್ತಿದ್ದಳು.

ಮೆಟ್ಟಿಲಿಳಿಯುವಾಗ ನಾನು ಅವಳ ಎಡಕ್ಕಿದ್ದೆ. ದಿಂಬನ್ನು ಕಂಕುಳಲ್ಲಿ ಇರುಕಿಕೊಂಡಿದ್ದ ಅಕ್ಕ ಅರ್ಧದಲ್ಲಿ ನಿಂತಳು.

"ಅವನು ನನ್ನ ಹಿಂದೆ ಬಂದು ನಿಂತಿದ್ನಲ್ಲ, ಏನಾದ್ರೂ ಅಂದ್ನೇನೇ?"

ಅವಳ ಮುಖದಲ್ಲಿ ಒಂದೂವರೆ ವರ್ಷದಿಂದ ಕಾದ ಆಸೆ ಇತ್ತು. ನೋಡಿದೆ. ಚೆನ್ನಾಗಿಯೇ ನೋಡಿದೆ.

"ಇಲ್ಲ," ಎಂದೆ. "ಕೆಮ್ಮಿದ."

"ಅಷ್ಟೇನಾ," ಎಂದಳು ಅಕ್ಕ. "ನಾನೇನೋ ಅಂದ್ಕೊಂಡೆ."

ಹತ್ತೊಂಬತ್ತು ವರ್ಷದಲ್ಲಿ ಯಾರ ಒಂದು ಮಾತನ್ನೂ ನಾನು ಬಿಟ್ಟವಳಲ್ಲ. ಅವಳು ಕೇಳಿದ್ದ ಒಂದೇ ಒಂದು ಮಾತನ್ನು ಬಿಟ್ಟೆ. ಬೀದಿಯ ಅಂಚಿಗೆ ಬಂದಾಗ, ವಾಹನ ಯಾವ ಕಡೆಯಿಂದ ಬರುತ್ತಿದೆಯೋ ತಿಳಿಯದೆ ಅಕ್ಕ ನನ್ನ ಕೈ ಹಿಡಿದುಕೊಂಡಳು. ದಾಟಿಸಿ ಆಚೆ ಬಿಟ್ಟು ವಾಪಸ್ ಬಂದೆ. ಏಳನೇ ಸೀಟಿನವನು ಇನ್ನೂ ಗೋಡೆ ನೋಡುತ್ತಿದ್ದ. ನಾನು ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.